ಚೆಂದದ ಫೋಟೊ, ಸುಳ್ಳು ಅಣಬೆ

ನಮ್ಮ ಪತ್ರಿಕೆಗಳಲ್ಲಿ ಒಂದು ಹೋಲಿಕೆ ಎಂದೂ ಹಳಸುವುದಿಲ್ಲ. ಊರಿನಲ್ಲಿ ಕೋಚಿಂಗ್ ಸೆಂಟರುಗಳು ಹೆಚ್ಚಾದರೆ ಅವು ‘ನಾಯಿಕೊಡೆಗಳಂತೆ ತಲೆಯೆತ್ತಿವೆ’. ಅನಧಿಕೃತ ಬಡಾವಣೆ, ನಕಲಿ ಕ್ಲಿನಿಕ್ಕು, ಚುನಾವಣೆ ಹತ್ತಿರ ಬಂದಾಗ ಹುಟ್ಟುವ ಸಂಘ, ಎಲ್ಲವೂ ನಾಯಿಕೊಡೆಗಳೇ. ಬೇರಿಲ್ಲದ್ದು, ರಾತ್ರಿ ಬೆಳಗಾಗುವುದರೊಳಗೆ ಎದ್ದದ್ದು, ಯಾರಿಗೂ ಬೇಡವಾದದ್ದು ಎಂದು ಬೈಯಬೇಕಾದಾಗಲೆಲ್ಲ ನಾವು ಅಣಬೆಯನ್ನು ಕರೆಯುತ್ತೇವೆ.

ಈ ಹೋಲಿಕೆಯಲ್ಲಿ ಒಂದು ಮಾತೂ ನಿಜವಲ್ಲ. ಬೆಳಿಗ್ಗೆ ಕಂಡ ಅಣಬೆ ರಾತ್ರಿ ಹುಟ್ಟಿದ ಜೀವಿಯಲ್ಲ. ಆ ಜೀವಿ ತರಗೆಲೆಯ ಕೆಳಗೆ, ಕೊಳೆತ ದಿಮ್ಮಿಯ ಒಳಗೆ, ಮರದ ಬೇರುಗಳ ಸುತ್ತ ಬಿಳಿ ಎಳೆಗಳ ಜಾಲವಾಗಿ ವರ್ಷಗಟ್ಟಲೆ ಬದುಕಿರುತ್ತದೆ. ಮೇಲೆ ಬಂದದ್ದು ಅದರ ಹಣ್ಣು. ಬೇರಿಲ್ಲದ್ದು ಎನ್ನುತ್ತೀರಾದರೆ ಹುತ್ತದಣಬೆಯನ್ನು ನಿಧಾನವಾಗಿ ಅಗೆದು ನೋಡಿ. ಬಿಳಿಯ ಉದ್ದನೆಯ ಬಾಲವೊಂದು ಮಣ್ಣಿನಾಳಕ್ಕೆ ಇಳಿದು, ಗೆದ್ದಲುಗಳು ತಮ್ಮ ಗೂಡಿನೊಳಗೆ ಸಾಕಿಕೊಂಡ ಅಣಬೆತೋಟದ ತನಕ ಹೋಗಿರುತ್ತದೆ. ವಿಜ್ಞಾನದಲ್ಲಿ ಟರ್ಮಿಟೋಮೈಸಿಸ್ ಎನ್ನುವ ಈ ಅಣಬೆಗೆ ಇರುವಷ್ಟು ಆಳದ ನೆಲೆ ಅದನ್ನು ಹಿಡಿದು ಬೈಯುವ ನಮ್ಮ ಎಷ್ಟೋ ಸಂಸ್ಥೆಗಳಿಗಿಲ್ಲ.

ತಿರಸ್ಕಾರದ ಈ ಹಳೆಯ ಅಭ್ಯಾಸದ ಜೊತೆಗೆ ಈಗ ಹೊಸದೊಂದು ಅಭ್ಯಾಸ ಸೇರಿಕೊಂಡಿದೆ. ಜೂನ್ ಹಿಡಿಯಿತೆಂದರೆ ಆಗುಂಬೆ, ಕುದುರೆಮುಖ, ಸಕಲೇಶಪುರ, ಕೊಡಗಿನ ಕಡೆಯಿಂದ ಅಣಬೆಯ ಫೋಟೊಗಳು ಹರಿದು ಬರುತ್ತವೆ. ಹಿನ್ನೆಲೆ ಪೂರ್ತಿ ಕಪ್ಪು, ಇಲ್ಲವೇ ಬೆಣ್ಣೆಯಂತೆ ಕರಗಿದ ಹಸಿರು. ನಡುವೆ ದೀಪ ಹಚ್ಚಿಟ್ಟಂತೆ ಒಂದು ಅಣಬೆ, ಅದರ ಮೇಲೆ ಎಣಿಸಿ ಇಟ್ಟ ಹಾಗೆ ನೀರಿನ ಹನಿಗಳು. ಕೆಳಗೆ ‘ಅಪರೂಪದ ಅಣಬೆ’, ‘ಪ್ರಕೃತಿಯ ವಿಸ್ಮಯ’ ಎಂಬ ಒಕ್ಕಣೆ. ನಿನ್ನೆಯವರೆಗೆ ಬೈಗುಳವಾಗಿದ್ದ ನಾಯಿಕೊಡೆ ಇಂದು ಒಡವೆಯಾಗಿದೆ. ಒಳ್ಳೆಯದಾಯಿತಲ್ಲ ಎಂದು ನೀವು ಕೇಳಬಹುದು. ಆಗಲಿಲ್ಲ ಎನ್ನುವುದು ನನ್ನ ವಾದ. ಬೈಯುವವನೂ ಅಣಬೆಯನ್ನು ಅದರ ನೆಲದಿಂದ ಕಿತ್ತು ನೋಡುತ್ತಾನೆ, ಹೊಗಳುವವನೂ ಹಾಗೆಯೇ ನೋಡುತ್ತಾನೆ. ಕಾಡಿನ ಅಣಬೆಯ ಫೋಟೊ ಮೊದಲು ಸಾಕ್ಷಿಯಾಗಬೇಕು, ಚೆಂದದ ಮಾತು ಆಮೇಲೆ. ಸಾಕ್ಷಿ ಹೇಳಲು ದೊಡ್ಡ ಕ್ಯಾಮೆರಾ ಬೇಡ, ಅಂಗಿಯ ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾ ಸಾಕು.

‘ಕಿತ್ತು ನೋಡುವುದು’ ಎಂದದ್ದು ಬರಿಯ ಮಾತಿನ ಅಲಂಕಾರಕ್ಕಲ್ಲ. ಮಲೆನಾಡಿನ ಮಳೆಗಾಲದ ಶಿಬಿರವೊಂದರಲ್ಲಿ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಹಾವಸೆ ಹಿಡಿದ ಸುಂದರವಾದ ದಿಮ್ಮಿಯೊಂದಿತ್ತು, ಅದರ ಮೇಲೆ ಅಣಬೆ ಇರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ತರಗೆಲೆಯ ನಡುವೆ ಅಣಬೆಯಿತ್ತು, ಅಲ್ಲಿ ಹಾವಸೆ ಇರಲಿಲ್ಲ. ಐದು ನಿಮಿಷದಲ್ಲಿ ಎರಡಕ್ಕೂ ಮದುವೆಯಾಯಿತು. ಅಣಬೆಯನ್ನು ಕಿತ್ತು ತಂದು ಕಡ್ಡಿ ಚುಚ್ಚಿ ದಿಮ್ಮಿಯ ಮೇಲೆ ನಿಲ್ಲಿಸಿದರು. ಸುತ್ತಲಿನ ಹುಲ್ಲನ್ನು ಕತ್ತರಿಯಿಂದ ಸವರಿದರು. ಗಿಡಗಳಿಗೆ ಔಷಧಿ ಹೊಡೆಯುವ ಪುಟ್ಟ ಸ್ಪ್ರೇ ಬಾಟಲಿಯಿಂದ ಹನಿ ಹೊಡೆದರು. ಹಿಂದಿನಿಂದ ಒಬ್ಬರು ಟಾರ್ಚ್ ಹಿಡಿದರು. ಹನ್ನೆರಡು ಜನ ಸಾಲಾಗಿ ನಿಂತು ಅದೇ ಒಂದು ಫೋಟೊ ತೆಗೆದುಕೊಂಡರು.

ಇದರಲ್ಲೇನು ನಷ್ಟ? ಒಂದು ಅಣಬೆ ಕಿತ್ತರೆ ಕಾಡು ಮುಳುಗುವುದಿಲ್ಲ, ಮಾವಿನಹಣ್ಣು ಕಿತ್ತರೆ ಮರ ಸಾಯದ ಹಾಗೆ. ನಷ್ಟವಾದದ್ದು ಮಾಹಿತಿ. ಅಣಬೆ ಯಾವುದರ ಮೇಲೆ ಬೆಳೆದಿದೆ ಎನ್ನುವುದೇ ಅದರ ಗುರುತಿನ ಅರ್ಧ ಭಾಗ. ಸತ್ತ ಮರವನ್ನು ತಿನ್ನುವ ಅಣಬೆ ಬೇರೆ, ತರಗೆಲೆಯನ್ನು ಕೊಳೆಸುವುದು ಬೇರೆ, ಬದುಕಿರುವ ಮರದ ಬೇರಿನೊಡನೆ ಕೊಡುಕೊಳ್ಳುವಿಕೆ ಇಟ್ಟುಕೊಂಡದ್ದು ಬೇರೆ. ಪಶ್ಚಿಮಘಟ್ಟದ ಧೂಪದ ಮರ, ಕಿರಾಲಬೋಗಿಗಳ ಬೇರುಗಳಿಗೆ ಅಣಬೆಗಳೊಡನೆ ಅಂಥ ನೆಂಟಸ್ತಿಕೆಯಿದೆ. ಅಣಬೆ ಮರಕ್ಕೆ ಖನಿಜ, ನೀರು ತಂದುಕೊಡುತ್ತದೆ. ಮರ ಅಣಬೆಗೆ ಸಕ್ಕರೆ ಕೊಡುತ್ತದೆ. ಕರಾವಳಿಯವರು ಮೊದಲ ಮಳೆಗೆ ಕಾದು ಕೆದಕಿ ತೆಗೆಯುವ ಕಲ್ಲಣಬೆ, ತುಳುವಿನ ಕಲ್ಲಲಾಂಬು, ಇಂಥ ಮರಗಳ ನಂಟಿನಲ್ಲೇ ಬದುಕುವಂಥದ್ದು. ನೀಲಗಿರಿ ತೋಪಿನಲ್ಲಿ ಏಳುವ, ಸಗಣಿಯುಂಡೆಯಂತೆ ಕಾಣುವ ಪಿಸೊಲಿಥಸ್ ಕೂಡ ಆ ಮರದ ಬೇರಿನೊಡನೆ ನಂಟು ಕಟ್ಟಿಕೊಂಡದ್ದೇ. ಮರವನ್ನು ಚೌಕಟ್ಟಿನಿಂದ ಆಚೆ ಇಟ್ಟ ಫೋಟೊ ಈ ಕಥೆಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ದಿಮ್ಮಿಗೆ ಚುಚ್ಚಿ ನಿಲ್ಲಿಸಿದ ತರಗೆಲೆಯ ಅಣಬೆಯಂತೂ ಸುಳ್ಳು ಕಥೆ ಹೇಳುತ್ತದೆ. ನಾಳೆ ವಿದ್ಯಾರ್ಥಿಯೊಬ್ಬ ಆ ಫೋಟೊ ನೋಡಿ ‘ಇದು ಮರದ ಮೇಲೆ ಬೆಳೆಯುವ ಜಾತಿ’ ಎಂದು ಬರೆದುಕೊಂಡರೆ ತಪ್ಪು ಅವನದಲ್ಲ.

ಇನ್ನು ಹೊಳೆಯುವ ಅಣಬೆಗಳ ವಿಚಾರ. ಪಶ್ಚಿಮಘಟ್ಟದ ಕೆಲವು ಕಾಡುಗಳಲ್ಲಿ ಮಳೆಗಾಲದ ಕತ್ತಲಲ್ಲಿ ಬೆಳಗುವ ಸಣ್ಣ ಅಣಬೆಗಳಿವೆ. ಕೊಳೆತ ಕಟ್ಟಿಗೆಯೊಳಗಿನ ಎಳೆಗಳೂ ಹೊಳೆಯುವುದುಂಟು. ಫೋಟೊದಲ್ಲಿ ಅವು ಬಾರ್ ಅಂಗಡಿಯ ನಿಯಾನ್ ಫಲಕದಂತೆ ಹಸಿರು ಕಾರುತ್ತವೆ. ಕಾಡಿನಲ್ಲಿ ನಿಂತವನಿಗೆ ಹಾಗೆ ಕಾಣುವುದಿಲ್ಲ. ಟಾರ್ಚ್ ಆರಿಸಿ ಹತ್ತಿಪ್ಪತ್ತು ನಿಮಿಷ ಕತ್ತಲಿಗೆ ಕಣ್ಣು ಹೊಂದಿದ ಮೇಲೆ ಬೂದಿಯಂಥ ಒಂದು ಮಸುಕು ಬೆಳಕು ತೋರುತ್ತದೆ, ಹಸಿರೋ ಬಿಳಿಯೋ ಎಂದು ಹೇಳಲಾಗದಷ್ಟು ಮೆಲ್ಲಗೆ. ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲಾರದು. ಕ್ಯಾಮೆರಾ ಮಾತ್ರ ಹತ್ತಾರು ಸೆಕೆಂಡು ಕಣ್ಣು ತೆರೆದಿಟ್ಟುಕೊಂಡು ಬೆಳಕನ್ನು ಕೂಡಿಟ್ಟುಕೊಳ್ಳುತ್ತದೆ. ಹಾಗೆ ತೆಗೆಯುವುದು ಮೋಸವಲ್ಲ, ಎಷ್ಟು ಹೊತ್ತು ತೆರೆದಿಟ್ಟಿದ್ದೆ ಎಂದು ಹೇಳದಿರುವುದು ಮೋಸ. ಆ ಫೋಟೊ ನಂಬಿ ಕಾಡಿಗೆ ಹೋದ ಹುಡುಗ ಹುಡುಗಿಯರು ನಿಯಾನ್ ಹುಡುಕುತ್ತ ಟಾರ್ಚ್ ಬೀಸುತ್ತಾರೆ. ನಿಜವಾದ ಬೆಳಕು ಅವರ ಕಾಲಡಿಯಲ್ಲೇ ಕಾಣದೆ ಹೋಗುತ್ತದೆ.

‘ಅಪರೂಪ’ ಎಂಬ ಪದದ ಮೇಲೂ ನನಗೆ ತಕರಾರಿದೆ. ಒಂದನ್ನು ಅಪರೂಪ ಎನ್ನಬೇಕಾದರೆ ಎಣಿಸಿರಬೇಕು. ನಾವು ಎಣಿಸಿದ್ದು ಎಷ್ಟು? ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದ ಶಿಲೀಂಧ್ರ ಜಾತಿಗಳು ಸುಮಾರು 1,55,000. ಇರಬಹುದೆಂದು ವಿಜ್ಞಾನಿಗಳು ಅಂದಾಜಿಸುವ ಸಂಖ್ಯೆ 25 ಲಕ್ಷದ ಆಸುಪಾಸು. ಅಂದರೆ ಹತ್ತರಲ್ಲಿ ಒಂಬತ್ತಕ್ಕೆ ಇನ್ನೂ ನಾಮಕರಣವೇ ಆಗಿಲ್ಲ. ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ 2025ರ ಮಾರ್ಚ್ ಹೊತ್ತಿಗೆ ಪರಿಶೀಲಿಸಿದ್ದ ಶಿಲೀಂಧ್ರಗಳು 1,300. ಅವುಗಳಲ್ಲಿ 411 ಅಪಾಯದಲ್ಲಿವೆ ಎಂದು ಅದು ಹೇಳಿತು. ನೋಡಿದವುಗಳಲ್ಲಿ ಮೂರಕ್ಕೊಂದರ ಹತ್ತಿರ ಹತ್ತಿರ. ನೋಡದೆ ಬಿಟ್ಟವುಗಳ ಗತಿ ಏನೆಂದು ಯಾರು ಹೇಳಬೇಕು? ಇಂಥ ಕತ್ತಲಲ್ಲಿ ನಿಂತು ನಾವು ಹಂಚುವ ‘ಅಪರೂಪ’ದ ಬಿರುದಿಗೆ ಒಂದೇ ಅರ್ಥ: ನಾನು ಇದನ್ನು ಮೊದಲ ಸಲ ನೋಡಿದೆ. ಬಲೆಯಂಥ ಲಂಗ ತೊಟ್ಟ ಅಣಬೆ, ಫ್ಯಾಲಸ್ ಇಂಡ್ಯೂಸಿಯೇಟಸ್, ಪ್ರತಿ ಮಳೆಗಾಲ ‘ಅಪರೂಪದ ಅತಿಥಿ’ಯಾಗಿ ಸುದ್ದಿಯಾಗುತ್ತದೆ. ಅದು ಉಷ್ಣವಲಯದಲ್ಲಿ ಹಲವು ದೇಶಗಳಲ್ಲಿ ಹರಡಿಕೊಂಡ ಜಾತಿ. ಮೊಟ್ಟೆಯಂಥ ಉಂಡೆಯಿಂದ ಎದ್ದು, ಬಲೆ ಬಿಚ್ಚಿ, ನಾರುವ ಲೋಳೆಯಿಂದ ನೊಣಗಳನ್ನು ಕರೆದು, ಅವುಗಳ ಮೂಲಕ ಬೀಜಕಣ ಕಳಿಸಿ ಕುಸಿದು ಬೀಳಲು ಅದಕ್ಕೆ ಒಂದು ದಿನ ಸಾಕು. ಕಾಣಸಿಗದಿರಲು ನಾವು ತಡವಾಗಿ ಏಳುವುದೂ ಒಂದು ಕಾರಣ.

ಫೋಟೊಗೆ ಸಾಕ್ಷಿಯ ಭಾರ ಎಷ್ಟಿದೆ ಎಂಬುದಕ್ಕೆ ನಮ್ಮದೇ ನಾಡಿನ ಒಂದು ಪ್ರಸಂಗವಿದೆ. 2023ರ ಜೂನ್ 19ರಂದು ಕುದುರೆಮುಖ ಶ್ರೇಣಿಯ ತಪ್ಪಲಲ್ಲಿ, ಕಾರ್ಕಳ ತಾಲ್ಲೂಕಿನ ಮಾಳದ ಬಳಿ, ರಸ್ತೆ ಬದಿಯ ನೀರಿನ ಹೊಂಡದಲ್ಲಿ ಕಪ್ಪೆಗಳನ್ನು ನೋಡುತ್ತಿದ್ದ ನಿಸರ್ಗಾಸಕ್ತರಿಗೆ ಸುಮಾರು 40 ಹೊಂಬೆನ್ನಿನ ಕಪ್ಪೆಗಳ ನಡುವೆ ಒಂದರ ಪಕ್ಕೆಯಿಂದ ಪುಟ್ಟ ಅಣಬೆ ಎದ್ದಿರುವುದು ಕಂಡಿತು. ಕಪ್ಪೆ ಬದುಕಿತ್ತು, ಓಡಾಡಿಕೊಂಡಿತ್ತು. ಅವರು ಫೋಟೊ ತೆಗೆದರು, ಕಪ್ಪೆಯನ್ನು ಹಿಡಿದೊಯ್ಯಲಿಲ್ಲ. ಫೋಟೊ ನೋಡಿದ ಅಣಬೆತಜ್ಞರು ಅದು ಮೈಸೀನಾ ಕುಲದ್ದಿರಬೇಕು ಎಂದರು. ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಕುಲ ಅದು. 2024ರಲ್ಲಿ ‘ರೆಪ್ಟೈಲ್ಸ್ ಆ್ಯಂಡ್ ಆಂಫಿಬಿಯನ್ಸ್’ ನಿಯತಕಾಲಿಕದಲ್ಲಿ ಈ ಬಗ್ಗೆ ಟಿಪ್ಪಣಿ ಪ್ರಕಟವಾಗಿ ಜಗತ್ತೆಲ್ಲ ಸುದ್ದಿಯಾಯಿತು.

ಈ ಪ್ರಸಂಗ ನನಗೆ ಎರಡು ಕಾರಣಕ್ಕೆ ಮುಖ್ಯ. ಪ್ರಯೋಗಾಲಯದ ತನಕ ಹೋದ ಮಾದರಿ ಇಲ್ಲ, ಇರುವುದು ಆ ಫೋಟೊಗಳು ಮಾತ್ರ. ಕಪ್ಪೆಯ ಜೊತೆ, ಹೊಂಡದ ಜೊತೆ, ದಿನಾಂಕದ ಜೊತೆ ತೆಗೆದಿದ್ದರಿಂದಲೇ ಅವಕ್ಕೆ ಬೆಲೆ ಬಂತು. ಅಣಬೆಯನ್ನಷ್ಟೇ ತುಂಬಿಸಿಕೊಂಡು, ಹಿನ್ನೆಲೆ ಕರಗಿಸಿ ತೆಗೆದಿದ್ದರೆ ಅದು ಸಾವಿರಾರು ಮೈಸೀನಾ ಚಿತ್ರಗಳಲ್ಲಿ ಇನ್ನೊಂದಾಗುತ್ತಿತ್ತು. ಎರಡನೆಯದು, ಫೋಟೊದ ಮಿತಿ. ಅಣಬೆಯ ಎಳೆಗಳು ಕಪ್ಪೆಯ ಚರ್ಮದೊಳಗೆ ಇಳಿದಿದ್ದವೋ, ಮೈಗೆ ಅಂಟಿದ ಕಸದಲ್ಲಿ ಮಾತ್ರ ಇದ್ದವೋ ಎಂಬುದನ್ನು ಯಾವ ಚಿತ್ರವೂ ಹೇಳಲಾರದು. ಕಂಡವರು ಕಂಡಷ್ಟನ್ನೇ ಬರೆದರು. ಹೇಳಬಲ್ಲದ್ದನ್ನು ಹೇಳಿ, ಹೇಳಲಾರದ ಕಡೆ ಸುಮ್ಮನಾಗುವ ಫೋಟೊ ಒಳ್ಳೆಯ ಸಾಕ್ಷಿ.

ಈಗ ಪುಟ್ಟ ಕ್ಯಾಮೆರಾದ ಮಾತು. ಕೆಲವು ಮಳೆಗಾಲಗಳಿಂದ ನನ್ನ ಜೇಬಿನಲ್ಲಿರುವುದು ನೀರಿಗೆ, ಕೆಸರಿಗೆ ಹೆದರದ ಒಂದು ಕಾಂಪ್ಯಾಕ್ಟ್. ಒಲಿಂಪಸ್‌ನ ಟಫ್ ಸಾಲಿನ ಟಿಜಿ ಕ್ಯಾಮೆರಾಗಳು ಈ ಜಾತಿಯವು. 2019ರಲ್ಲಿ ಟಿಜಿ-6, 2023ರಲ್ಲಿ ಓಎಂ ಸಿಸ್ಟಮ್ ಎಂಬ ಹೊಸ ಹೆಸರಿನಡಿ ಟಿಜಿ-7 ಬಂದವು. ನಾನು ಯಾರ ಜಾಹೀರಾತನ್ನೂ ಮಾಡುತ್ತಿಲ್ಲ, ಹಳೆಯದು, ಎರಡನೇ ಕೈಯದು, ಬೇರೆ ಕಂಪನಿಯದು ಯಾವುದಾದರೂ ಆದೀತು. ಇವುಗಳ ಗುಣ ಮೂರು. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದ್ದೂ ದೂರದ್ದೂ ಒಂದಿಷ್ಟು ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಫೋಕಸ್ ಸರಿಸುತ್ತ ಹಲವು ಚಿತ್ರ ತೆಗೆದು ತಾನೇ ಒಂದಾಗಿ ಜೋಡಿಸುವ ವಿದ್ಯೆಯೂ ಇವಕ್ಕೆ ಗೊತ್ತು.

ದೊಡ್ಡ ಕ್ಯಾಮೆರಾದ ಗೆಳೆಯರು ಇದೇ ಎರಡನೆಯ ಗುಣವನ್ನು ದೋಷ ಎನ್ನುತ್ತಾರೆ. ‘ಹಿನ್ನೆಲೆ ಕರಗುವುದೇ ಇಲ್ಲವಲ್ಲ!’ ಕರಗಬಾರದು ಸ್ವಾಮಿ. ಹಿನ್ನೆಲೆಯಲ್ಲಿರುವುದು ಧೂಪದ ಮರದ ಎಲೆ, ಬಿದ್ದ ಕಾಯಿ, ಗೆದ್ದಲಿನ ಮಣ್ಣು. ಅವೆಲ್ಲ ಪ್ರಕರಣದ ಸಾಕ್ಷಿಗಳು. ಸಾಕ್ಷಿಗಳನ್ನು ಕರಗಿಸಿ ಆರೋಪಿಯ ಮುಖವನ್ನಷ್ಟೇ ಬೆಳಗಿಸುವ ನ್ಯಾಯಾಲಯ ಎಲ್ಲಾದರೂ ಇದೆಯೇ?

ಚಿಕ್ಕ ಕ್ಯಾಮೆರಾ ದೊಡ್ಡದಕ್ಕೆ ಆಗದ ಇನ್ನೊಂದು ಕೆಲಸ ಮಾಡುತ್ತದೆ. ಅದು ಅಣಬೆಯ ಕೊಡೆಯ ಕೆಳಗೆ ಹೋಗುತ್ತದೆ. ಲೆನ್ಸ್ ಮೇಲೆ ಮಾಡಿ ನೆಲಕ್ಕಿಟ್ಟು, ಟೈಮರ್ ಒತ್ತಿ ಕೈ ಹಿಂದೆ ತೆಗೆದರೆ ಸಾಕು, ಒಂದನ್ನೂ ಕೀಳದೆ ಅಡಿಭಾಗದ ಚಿತ್ರ ಸಿಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲವಾದ್ದರಿಂದ ಇದು ದೊಡ್ಡ ಅನುಕೂಲ. ಅಡಿಯಲ್ಲಿ ಇರುವುದು ಮೀನಿನ ಕಿವಿರಿನಂಥ ಪದರಗಳೋ, ಜರಡಿಯಂಥ ರಂಧ್ರಗಳೋ, ಮುಳ್ಳುಗಳೋ? ಪದರಗಳು ಕಾಲಿಗೆ ಅಂಟಿವೆಯೋ, ಬಿಟ್ಟು ನಿಂತಿವೆಯೋ? ಕಾಲಿನಲ್ಲಿ ಬಳೆಯಿದೆಯೋ? ಬುಡದಲ್ಲಿ ಚೀಲವಿದೆಯೋ? ಮೇಲಿನಿಂದ ತೆಗೆದ ಬಹುಮಾನದ ಫೋಟೊಗಳಲ್ಲಿ ಇದ್ಯಾವುದೂ ಇರುವುದಿಲ್ಲ.

ಇದು ಗ್ರಂಥಪಾಲಕರ ಕಿರಿಕಿರಿಯಲ್ಲ, ಹೊಟ್ಟೆಯ ಪ್ರಶ್ನೆ. ಊರಿನ ಹುಲ್ಲುಹಾಸು, ಕಾಡಂಚಿನ ಹುಲ್ಲಿನಲ್ಲಿ ಏಳುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಅಣಬೆ ಮೇಲಿನಿಂದ ನೋಡಲು ದೊಡ್ಡ ಬಿಳಿಯ ಛತ್ರಿ, ತಿನ್ನುವ ಅಣಬೆಯ ತದ್ರೂಪ. ಎಳೆಯದಿದ್ದಾಗ ಅಡಿಯ ಪದರಗಳೂ ಬಿಳಿಯೇ. ಬಲಿತಾಗ ಬೀಜಕಣಗಳಿಂದ ಅವು ಹಸಿರಾಗುತ್ತವೆ. ತಿಂದವರಿಗೆ ವಾಂತಿ ಭೇದಿ ಹಿಡಿದು ಆಸ್ಪತ್ರೆ ಸೇರಬೇಕಾಗುತ್ತದೆ. ಮೇಲಿನಿಂದ ತೆಗೆದ ಒಂದು ಚೆಂದದ ಚಿತ್ರವನ್ನು ಮೊಬೈಲಿನಲ್ಲಿ ಹೋಲಿಸಿ ನೋಡಿ ಒಲೆ ಹಚ್ಚುವವರು ಈಗ ಹೆಚ್ಚುತ್ತಿದ್ದಾರೆ. ಫೋಟೊ ಎಷ್ಟೇ ಚೆನ್ನಾಗಿರಲಿ, ಫೋಟೊ ನೋಡಿ ಅಣಬೆ ತಿನ್ನಬೇಡಿ. ಅಡಿಭಾಗ ತೋರಿಸದ ಫೋಟೊವನ್ನು ‘ತಿನ್ನಬಹುದೇ’ ಎಂಬ ಪ್ರಶ್ನೆಗೆ ಉತ್ತರವಾಗಿ ಹಾಕುವವರನ್ನು ಎದುರು ನಿಂತು ತಡೆಯಿರಿ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ‘ಚೆಂದ ಕಂಡರೆ ತಾನೇ ಜನ ಕಾಡನ್ನು ಪ್ರೀತಿಸುವುದು?’ ಹುಲಿಯ ವಿಷಯದಲ್ಲಿ ಈ ಮಾತಿಗೆ ತೂಕವಿರಬಹುದು, ಯಾಕೆಂದರೆ ಹುಲಿಯ ಚಿತ್ರ ನೋಡಿದವನಿಗೆ ಅದಕ್ಕೆ ಕಾಡು ಬೇಕು ಎಂಬುದು ಮೊದಲೇ ಗೊತ್ತು. ಕಪ್ಪು ಹಿನ್ನೆಲೆಯ ಅಣಬೆ ನೋಡಿದವನಿಗೆ ಅದಕ್ಕೆ ಬಿದ್ದ ಮರ ಬೇಕು, ಗುಡಿಸದ ತರಗೆಲೆ ಬೇಕು ಎಂದು ಹೊಳೆಯುವುದು ಹೇಗೆ? ಅಣಬೆಯ ಫೋಟೊಗೆ ಮೆಚ್ಚುಗೆ ಒತ್ತಿದ ಕೈಯೇ ಮರುದಿನ ತೋಟದಂಚಿನ ಕೊಳೆತ ದಿಮ್ಮಿಯನ್ನು ‘ಕಸ’ ಎಂದು ಸುಡಿಸುತ್ತದೆ. ಎರಡನೆಯದು, ‘ಮೊಬೈಲೇ ಸಾಕಲ್ಲ?’ ಇದ್ದರೆ ಅದನ್ನೇ ಬಳಸಿ, ನನಗೆ ಜಗಳವಿಲ್ಲ. ಆದರೆ ಆಷಾಢದ ಮಳೆಯಲ್ಲಿ, ಜಿಗಣೆ ಹತ್ತುವ ಕೆಸರಿನಲ್ಲಿ ಮೊಬೈಲನ್ನು ನೆಲಕ್ಕೊತ್ತಿ ಇಡುವ ಧೈರ್ಯ ಎಷ್ಟು ಜನಕ್ಕಿದೆ? ಮೂರನೆಯದು, ‘ಕಾಂಪ್ಯಾಕ್ಟ್ ಕ್ಯಾಮೆರಾ ಕತ್ತಲಲ್ಲಿ ಕೆಟ್ಟ ಚಿತ್ರ ಕೊಡುತ್ತದೆ.’ ಕೊಡುತ್ತದೆ. ಚುಕ್ಕೆ ಚುಕ್ಕೆಯಾಗುತ್ತದೆ, ಫ್ಲ್ಯಾಶ್ ಹಾಕಿದರೆ ಬಿಳಿ ಅಣಬೆ ಸುಣ್ಣದುಂಡೆಯಾಗುತ್ತದೆ, ತೀರ ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಬೀಳುತ್ತದೆ. ಆದರೂ ಚುಕ್ಕೆ ಬಿದ್ದ ಸತ್ಯ ನುಣುಪಾದ ಸುಳ್ಳಿಗಿಂತ ಮೇಲು.

ಸಾಹಿತ್ಯದ ಪತ್ರಿಕೆಯಲ್ಲಿ ಈ ಜಗಳ ಯಾಕೆ ಎನ್ನುವವರಿಗೆ ಕಡೆಯ ಮಾತು. ಇದು ಹೆಸರಿನ ಜಗಳವೂ ಹೌದು. ಹಕ್ಕಿಗಳಿಗೆ ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿ ಇದ್ದರು. ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಕೂತು, ‘ಕನ್ನಡನಾಡಿನ ಹಕ್ಕಿಗಳು’ ಎಂದು ಕನ್ನಡದಲ್ಲೇ ಪುಸ್ತಕ ಮಾಡಿದರು. ಗಿಡಮರಗಳಿಗೆ ಬಿ.ಜಿ.ಎಲ್. ಸ್ವಾಮಿ ಇದ್ದರು. ಅವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ತನಕ ನಡೆಸಿಕೊಂಡು ಹೋಯಿತು. ಅಣಬೆಗಳಿಗೆ ಇನ್ನೂ ಅಂಥವರು ಬರಬೇಕಾಗಿದೆ. ಸಸ್ಯಸಂಕುಲ, ಪ್ರಾಣಿಸಂಕುಲ ಎನ್ನುತ್ತೇವೆ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ, ವಂಶದ ಲೆಕ್ಕದಲ್ಲಿ ಗಿಡಕ್ಕಿಂತ ಪ್ರಾಣಿಗೇ ಹತ್ತಿರವಾದ ಈ ಮೂರನೆಯ ಸಂಕುಲಕ್ಕೆ ಮಾತಿನಲ್ಲಿ ಜಾಗವಿಲ್ಲ. ಫ್ಲೋರಾ, ಫೌನಾ ಜೊತೆಗೆ ‘ಫಂಗಾ’ ಎಂದೂ ಹೇಳಬೇಕು ಎಂದು ಐಯುಸಿಎನ್‌ನ ಜೀವಿಪ್ರಭೇದ ಉಳಿವಿನ ಆಯೋಗ 2021ರಲ್ಲೇ ಕೇಳಿಕೊಂಡಿತು. ನಮ್ಮಲ್ಲಿ ಪಠ್ಯಪುಸ್ತಕಕ್ಕೆ ಶಿಲೀಂಧ್ರ, ಅಡುಗೆಮನೆಗೆ ಅಣಬೆ, ಬೈಗುಳಕ್ಕೆ ನಾಯಿಕೊಡೆ ಎಂದು ಮೂರು ಪೆಟ್ಟಿಗೆಗಳಿವೆ. ಅವು ಒಂದರೊಡನೊಂದು ಮಾತಾಡುವುದಿಲ್ಲ.

ಅಡುಗೆಮನೆಯ ಪೆಟ್ಟಿಗೆಯಲ್ಲೇ ಹೆಚ್ಚು ಸರಕಿದೆ ಎಂದು ನನ್ನ ನಂಬಿಕೆ. ತರಗೆಲೆಯ ಮೇಲೆ ಹೊಟ್ಟೆಯಡಿ ಮಾಡಿ ಮಲಗಿದ್ದಾಗ ಸೌದೆಗೆ ಬಂದ ಅಜ್ಜಿಯೊಬ್ಬರು ಕೇಳಿದ್ದರು: ‘ಎಂತ ಮಾರಾಯಾ, ತಿನ್ನಕ್ಕೆ ಬರದ ಅಣಬೆಗೆ ಇಷ್ಟೊತ್ತು ಮಣ್ಣಲ್ಲಿ ಬಿದ್ದುಕೊಂಡಿದೀಯಲ?’ ಆಮೇಲೆ ಅವರೇ ಕೂತು, ಯಾವ ಮಳೆಗೆ ಯಾವುದು ಏಳುತ್ತದೆ, ಗುಡುಗು ಬಂದ ಮೇಲೆ ಯಾವ ಹುತ್ತ ನೋಡಬೇಕು, ಯಾವ ಮರದಡಿಯದ್ದನ್ನು ಮುಟ್ಟಬಾರದು ಎಂದು ಹೇಳಿದರು. ಕಾಲ, ಜಾಗ, ಮರ. ನಮ್ಮ ಬಹುಮಾನದ ಫೋಟೊಗಳು ಬಿಟ್ಟುಬಿಡುವ ಮೂರನ್ನೇ ಅವರು ಮೊದಲು ಹೇಳಿದ್ದು. ಇಂಥವರ ತಿಳಿವಳಿಕೆ ತಿನ್ನುವ ಅಣಬೆಗಳ ಸುತ್ತ ಮಾತ್ರ ಬೆಳೆದಿರಬಹುದು. ಉಳಿದವುಗಳಿಗೆ ಹೆಸರು ಕಟ್ಟುವ ಕೆಲಸ ಬರೆಯುವವರದು, ಕಲಿಯುವವರದು.

ಆದ್ದರಿಂದ ಕನ್ನಡ ಓದುವ, ಕಾಡಿಗೆ ಹೋಗುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೆ. ಒಂದು ಅಣಬೆಗೆ ಕನಿಷ್ಠ ನಾಲ್ಕು ಫೋಟೊ: ಸುತ್ತಲಿನ ಮರ, ನೆಲ ಕಾಣುವಂತೆ ದೂರದಿಂದ ಒಂದು, ಪಕ್ಕದಿಂದ ಒಂದು, ಕೊಡೆಯ ಅಡಿಯಿಂದ ಒಂದು, ಬುಡದ್ದು ಒಂದು. ಒಂದರಲ್ಲಾದರೂ ಹತ್ತು ರೂಪಾಯಿಯ ನಾಣ್ಯ ಇಡಿ, ಅದರ ಅಡ್ಡಗಲ 27 ಮಿಲಿಮೀಟರ್. ಪಕ್ಕದಲ್ಲೊಂದು ಬಿಳಿ ಚೀಟಿಯಿರಲಿ, ಹಸಿರು ಮಾಡಿನ ಕೆಳಗೆ ಕ್ಯಾಮೆರಾ ಬಣ್ಣ ತಪ್ಪಿಸುತ್ತದೆ. ದಿನ, ಊರು, ಮರ, ವಾಸನೆ ಬರೆದುಕೊಳ್ಳಿ. ವಾಸನೆ ಯಾವ ಕ್ಯಾಮೆರಾಕ್ಕೂ ಸಿಗದು. ಆ ಊರಿನವರು ಅದನ್ನು ಏನೆನ್ನುತ್ತಾರೆ ಎಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ‘ಹೆಸರಿಲ್ಲ, ಹಾಳಾದ ನಾಯಿಕೊಡೆ’ ಎಂದರೆ ಅದನ್ನೂ ಬರೆಯಿರಿ. ಈ ನಾಲ್ಕು ಆದ ಮೇಲೆ ಐದನೆಯದನ್ನು ಎಷ್ಟು ಬೇಕಾದರೂ ಚೆಂದ ಮಾಡಿ ತೆಗೆದುಕೊಳ್ಳಿ, ನನ್ನ ಅಡ್ಡಿಯಿಲ್ಲ. ಸ್ಪ್ರೇ ಬಾಟಲಿಯನ್ನು ಮಾತ್ರ ಮನೆಯ ತುಳಸಿಗಿಡದ ಹತ್ತಿರ ಬಿಟ್ಟು ಬನ್ನಿ.